ಸಲಹೆ ಪಾಲಿಸದ ತಾಯಿ

ಇಂಚರಾಳ ರಕ್ತ ಬೇಕೆಂದು ಆಸ್ಪತ್ರೆಯವರು ಮೂರನೇ ಸಲ ಹೇಳಿ ಕಳಿಸಿದರು. ಮೊದಲೆರಡು ಸಲ ದುರಗವ್ವ ಮಗಳಿಗೆ ಜ್ವರ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದಳು. ಮೂರನೇ ಸಲ ಹೇಳಲು ಬಂದವನು ಸುಪರ್ವೈಸರ್ ಘೋಷ್. ಅವನ ಮುಂದೆ ಸುಳ್ಳು ನಡೆಯುವುದಿಲ್ಲ. ಹಾಜರಿ ಪುಸ್ತಕ ಅವನ ಕೈಯಲ್ಲಿದೆ.

"ಶನಿವಾರ ಹತ್ತು ಗಂಟೆಗೆ ನಾಲ್ಕನೇ ಮಹಡಿ. ಮಗು ಜೊತೆಗಿರಬೇಕು," ಎಂದ ಘೋಷ್, ಹಿಂದಿಯಲ್ಲಿ. "ದೊಡ್ಡ ಸಾಹೇಬರ ಸಂಶೋಧನೆ. ನಿನ್ನೊಬ್ಬಳಿಂದ ಹಾಳಾಗಬಾರದು."

"ಆರು ವರ್ಷದಿಂದ ತೂಗುತ್ತಾರೆ, ಅಳೆಯುತ್ತಾರೆ. ಈಗ ರಕ್ತ ಯಾಕೆ?"

"ಕೇಳೋಕೆ ನೀನು ಡಾಕ್ಟರಾ?"

ದುರಗವ್ವ ಆ ಆಸ್ಪತ್ರೆಯಲ್ಲೇ ಕೆಲಸದವಳು. ಜೋಕಾ ಕಡೆಗೆ ಹೋಗುವ ದೊಡ್ಡ ರಸ್ತೆಯ ಮೇಲೆ ಗಾಜಿನ ಮುಖದ ಐದು ಮಹಡಿ ಕಟ್ಟಡ. ಹನ್ನೊಂದು ವರ್ಷವಾಯಿತು, ಇನ್ನೂ ಗುತ್ತಿಗೆ. ಅಲ್ಲಿ ಅವಳಿಗೆ ಹೆಸರಿಲ್ಲ. ಕಸ ಹೊಡೆಯುವ, ಬಟ್ಟೆ ಹೊರುವ ಹೆಂಗಸರೆಲ್ಲ 'ಮಾಶಿ'. ಬಂಗಾಳಿಯಲ್ಲಿ ಮಾಶಿ ಎಂದರೆ ಚಿಕ್ಕಮ್ಮ. ಚಿಕ್ಕಮ್ಮ ಎಂದು ಕರೆದು ಕಕ್ಕಸಿನ ಬಕೆಟ್ಟು ಕೈಗೆ ಕೊಡುತ್ತಾರೆ.

ಅವಳ ಅಪ್ಪ ಗದಗ ಕಡೆಯವನು. ರೈಲು ಹಳಿ ಹಾಕುವ ಗುತ್ತಿಗೆದಾರನೊಬ್ಬನ ಗುಂಪಿನಲ್ಲಿ ಹೆಂಡತಿಯನ್ನು ಕಟ್ಟಿಕೊಂಡು ಈ ಬಂಗಾಳದವರೆಗೆ ಬಂದ. ಹಳಿ ಮುಗಿಯಿತು, ಗುತ್ತಿಗೆದಾರ ಮಾಯವಾದ. ಅಪ್ಪ ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಮೂಟೆಗೆ ಬೆನ್ನು ಕೊಟ್ಟು, ಆ ಬೆನ್ನಿನಿಂದಲೇ ಸತ್ತ. ಅವ್ವ ತುಂಗವ್ವ ಲೇಕ್ ಗಾರ್ಡನ್ಸಿನ ಕನ್ನಡದ ಅಧಿಕಾರಿಗಳ ಮನೆಗಳಲ್ಲಿ ಪಾತ್ರೆ ತಿಕ್ಕಿದಳು. ನಮ್ಮ ಭಾಷೆಯವಳು ಎಂದು ಕೆಲಸ ಕೊಟ್ಟರು. ಊರಿನಲ್ಲಿ ಯಾವ ಕೇರಿ ಎಂದು ಕೇಳಿ ತಿಳಿದುಕೊಂಡ ಮರುದಿನ ಅವಳ ಚಹಾದ ಲೋಟ ಅಡುಗೆಮನೆಯಿಂದ ಬಾಲ್ಕನಿಯ ಕಟ್ಟೆಗೆ ಹೋಯಿತು. ಕನ್ನಡ ಎಂದರೆ ಏನು ಎಂದು ದುರಗವ್ವ ಕಲಿತದ್ದು ಹೀಗೆ. ಮನೆಯೊಳಗೆ ಅವ್ವನ ಬಾಯಿ. ಹೊರಗೆ ಬಾಲ್ಕನಿಯ ಲೋಟ.

ಆಸ್ಪತ್ರೆಯಲ್ಲಿ ಅವಳದು ಬಟ್ಟೆಯ ಕೆಲಸ. ಐದೂ ಮಹಡಿಯ ಹಾಸಿಗೆ ಬಟ್ಟೆಗಳು ನೆಲಮಾಳಿಗೆಗೆ ಇಳಿಯಬೇಕು. ರಕ್ತ, ಕೀವು, ಹೇಲು, ಎಲ್ಲ ಸೇರಿ ಇಳಿಯಬೇಕು. ಒಗೆದ ಮೇಲೆ ಒದ್ದೆ ಮೂಟೆ ತಾರಸಿಗೆ ಏರಬೇಕು. ಒಣಗಿಸುವ ಯಂತ್ರ ಕೆಟ್ಟು ಎಷ್ಟೋ ವರ್ಷವಾಗಿತ್ತು. ಒದ್ದೆ ಮೂಟೆ ಒಂದು ಮೂವತ್ತೈದು ಕಿಲೋಗೆ ಕಡಿಮೆಯಿಲ್ಲ. ದಿನಕ್ಕೆ ಹದಿನಾಲ್ಕು, ಹದಿನೈದು ಮೂಟೆ. ಎರಡು ಲಿಫ್ಟುಗಳಿವೆ. ಪಕ್ಕದಲ್ಲಿ ಬೋರ್ಡಿದೆ: ರೋಗಿಗಳು, ವೈದ್ಯರು, ಊಟದ ಗಾಡಿ. ಮಾಶಿಯರಿಗೆ ಮೂರನೇ ಮಹಡಿಯವರೆಗೆ ಇಳಿಜಾರು ದಾರಿ, ಅದರ ಮೇಲೆ ಮೆಟ್ಟಿಲು. "ನಿಮ್ಮ ಮೂಟೆ ನಾರುತ್ತದೆ," ಎನ್ನುತ್ತಿದ್ದ ಘೋಷ್. ಒಗೆದ ಮೂಟೆಯೂ ನಾರುತ್ತಿತ್ತು ಅವನಿಗೆ. ನಾರುತ್ತಿದ್ದುದು ಮೂಟೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಇಂಚರಾ ಹೊಟ್ಟೆಯಲ್ಲಿದ್ದಾಗಲೂ ಅವಳು ಹೊತ್ತಳು. ನಸುಕಿನಲ್ಲಿ ಹೊರಟು ಬಸ್ಸು ಹಿಡಿದು, ಏಳಕ್ಕೆ ಮೊದಲ ಮೂಟೆ. ಮಧ್ಯಾಹ್ನ ಒಂದು ಹಿಡಿ ಚುರುಮುರಿ, ಹಸಿಮೆಣಸಿನಕಾಯಿ, ನೀರು. ಕ್ಯಾಂಟೀನು ಸಿಬ್ಬಂದಿಗೆ ಮಾತ್ರ. ಏಳನೇ ತಿಂಗಳಲ್ಲಿ ಅದೇ ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನು ನೋಡಿ ಹುಬ್ಬು ಗಂಟಿಕ್ಕಿದಳು. ಮಗು ಬೆಳೆಯುತ್ತಿಲ್ಲ ಎಂದಳು. ಭಾರ ಎತ್ತಬಾರದು, ಎಡಮಗ್ಗುಲಲ್ಲಿ ಮಲಗಬೇಕು, ಚೆನ್ನಾಗಿ ತಿನ್ನಬೇಕು ಎಂದು ಚೀಟಿ ಬರೆದುಕೊಟ್ಟಳು. ದುರಗವ್ವ ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಘೋಷನ ಮೇಜಿಗೆ ಒಯ್ದಳು. ಕೂತು ಮಾಡುವ ಕೆಲಸ ಕೊಡಿ, ಗಾಯಕ್ಕೆ ಕಟ್ಟುವ ಗಾಜ್‌ಬಟ್ಟೆ ಮಡಚುತ್ತೇನೆ ಎಂದಳು.

ಘೋಷ್ ಚೀಟಿ ಓದಿದ. ಡ್ರಾಯರಿಗೆ ಹಾಕಿದ.

"ಮಗು ಹೊಟ್ಟೆಯಲ್ಲಿದೆ. ತಲೆಯ ಮೇಲೆ ಇಲ್ಲವಲ್ಲ? ಮೂಟೆ ತಲೆಯ ಮೇಲೆ ಹೊರು."

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಒಂದು ವಾರ ಮನೆಯಲ್ಲಿದ್ದರೆ ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ. ಗಂಡ ಜೀವನ್ ಕಂಟೇನರ್ ಯಾರ್ಡಿನಲ್ಲಿ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡು ಕೂತಿದ್ದ. ದುರಗವ್ವ ಮೂಟೆ ಹೊತ್ತಳು. ಹೆರಿಗೆಯ ಹಿಂದಿನ ದಿನದವರೆಗೂ ಹೊತ್ತಳು.

ಮಗು ಒಂದು ಕಿಲೋ ಆರುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ದಿನ ಇತ್ತು. ಪಕ್ಕೆಲುಬು ಎಣಿಸಬಹುದಾಗಿತ್ತು. ಆರು ವರ್ಷ ದುರಗವ್ವ ತನ್ನನ್ನೇ ಬೈದುಕೊಂಡಳು. ಇನ್ನೊಂದು ತುತ್ತು ತಿನ್ನಬೇಕಿತ್ತು. ಇನ್ನೊಂದು ತಾಸು ಮಲಗಬೇಕಿತ್ತು. ತನ್ನ ಹೊಟ್ಟೆಯೇ ಕೆಟ್ಟದ್ದು.

ಸಂಶೋಧನೆಯ ಕಾಗದಕ್ಕೆ ಸಹಿ ಹಾಕಿದ್ದು ಹೆರಿಗೆಯ ಮೇಜಿನ ಮೇಲೆ. ನೋವು ತಡೆಯಲಾರದೆ ಯವ್ವಾ ಎಂದು ಕಿರುಚಿದಾಗ ಬೇರೊಬ್ಬ ಎಳೆಯ ಡಾಕ್ಟರಮ್ಮ ಬಾಗಿ ನೋಡಿದಳು. "ಅಯ್ಯೋ, ಕನ್ನಡದವರಾ ನೀವು? ನಾನು ವಂದನಾ, ಮೈಸೂರಿನವಳು," ಎಂದಳು. ಕೈ ಹಿಡಿದುಕೊಂಡಳು. ಆ ಕೋಣೆಯಲ್ಲಿ ದುರಗವ್ವನ ಕೈ ಮುಟ್ಟಿದವರು ಬೇರೆ ಯಾರೂ ಇರಲಿಲ್ಲ. "ಇಲ್ಲೊಂದು ಸಹಿ ಹಾಕಿಬಿಡಿ. ಮಗುವಿಗೆ ಒಳ್ಳೇದಾಗುತ್ತೆ." ಕಾಗದ ಇಂಗ್ಲಿಷಿನಲ್ಲಿತ್ತು. ದುರಗವ್ವ ಓದಿದ್ದು ಏಳನೇ ಇಯತ್ತೆ, ಹಿಂದಿ ಶಾಲೆ. ಆದರೆ ಕೇಳಿದವಳು ಕನ್ನಡದಲ್ಲಿ ಕೇಳಿದ್ದಳು. ಓದಿದ ಹೆಂಗಸೊಬ್ಬಳು ತನ್ನ ಜೊತೆ ಅಷ್ಟು ಮೆತ್ತಗೆ ಕನ್ನಡ ಮಾತಾಡಿದ್ದು ಅದೇ ಮೊದಲು. ಸಹಿ ಹಾಕಿದಳು.

ಅಂದಿನಿಂದ ವರ್ಷಕ್ಕೊಮ್ಮೆ ಶನಿವಾರ ನಾಲ್ಕನೇ ಮಹಡಿಗೆ ಹೋಗುವುದು ಬಂತು. ಅಲ್ಲಿನ ಬೆಂಚಿನ ಮೇಲೆ ಬೇರೆ ತಾಯಂದಿರೂ ಕೂಡುತ್ತಿದ್ದರು. ಎಲ್ಲರ ಮಕ್ಕಳೂ ಸಣ್ಣ. ಸಬೀನಾ ಸೀಗಡಿ ಸುಲಿಯುವವಳು. ಅವಳ ಬೆರಳುಗಳಿಗೆ ಉಗುರಿಲ್ಲ. ಲೊಕ್ಖಿ ಇಟ್ಟಿಗೆ ಭಟ್ಟಿಯವಳು. ಆರು ವರ್ಷದಲ್ಲಿ ಅವರೆಲ್ಲ ಒಬ್ಬರ ಕಥೆ ಒಬ್ಬರಿಗೆ ಹೇಳಿ ಮುಗಿಸಿದ್ದರು.

ಆ ಶನಿವಾರವೂ ಬೆಂಚು ತುಂಬಿತ್ತು. ಇಂಚರಾಳನ್ನು ಮೊದಲು ಕರೆದರು. ಆರು ವರ್ಷದ ಹುಡುಗಿ ನಾಲ್ಕು ವರ್ಷದವಳಂತೆ ಕಾಣುತ್ತಿದ್ದಳು. ಎತ್ತರದ ಕುರ್ಚಿಗೆ ಅವಳನ್ನು ಎತ್ತಿ ಕೂರಿಸಿ, ನರ್ಸು ತೋಳಿಗೆ ರಬ್ಬರು ಕಟ್ಟಿದಳು. ಬಾಗಿಲು ತೆರೆದೇ ಇತ್ತು.

"ಮಾ, ಸೂಯಿ?" ಎಂದಳು ಇಂಚರಾ, ಸೂಜಿಯ ಕಡೆ ನೋಡಿ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ.

"ತಡೀರಿ," ಎಂದಳು ದುರಗವ್ವ ನರ್ಸಿಗೆ. ಮೇಜಿನ ಆಚೆ ಕಡತ ತೆರೆದು ಕೂತಿದ್ದ ವಂದನಾಳ ಕಡೆ ತಿರುಗಿದಳು. "ಮೊದ್ಲ ಹೇಳ್ರಿ ಡಾಕ್ಟರ್ರ. ರಕ್ತದಾಗ ಏನು ಹುಡುಕತೀರಿ?"

ವಂದನಾ ಕನ್ನಡಕ ತೆಗೆದಳು. ಹೇಳಿಕೊಡುವ ಉತ್ಸಾಹ ಅವಳಿಗೆ ಇತ್ತು, ಅದನ್ನು ಅಲ್ಲಗಳೆಯಲಾಗದು. "ನೋಡಿ, ನಮ್ಮ ಮೈಯಲ್ಲಿ ಜೀನುಗಳಿರುತ್ತವೆ. ಸ್ವಿಚ್ ಬೋರ್ಡ್ ಅಂದ್ಕೊಳ್ಳಿ. ಗರ್ಭದಲ್ಲಿ ಮಗುವಿಗೆ ಆಹಾರ, ಆಮ್ಲಜನಕ ಸಾಲದೆ ಹೋದ್ರೆ ಬೋರ್ಡ್ ಏನೂ ಒಡೆಯಲ್ಲ. ಆದ್ರೆ ಕೆಲವು ಸ್ವಿಚ್ ಮೇಲೆ ಟೇಪ್ ಅಂಟಿಸಿದ ಹಾಗೆ ಆಗುತ್ತೆ. ಕೆಲವು ಆನ್ ಆಗೋದೇ ಇಲ್ಲ, ಕೆಲವು ಆನ್ ಆಗೇ ಉಳಿಯುತ್ತವೆ. ಇಂಚರಾ ಹುಟ್ಟಿದಾಗ ಮಾಸಿನಲ್ಲಿ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಅಂಥ ಗುರುತುಗಳು ಸಿಕ್ಕಿವೆ. ಅವು ಈಗಲೂ ಇವೆಯಾ ಅಂತ ನೋಡ್ಬೇಕು. ಇಂಥ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ, ಬಿಪಿ ಬರೋ ಸಂಭವ ಹೆಚ್ಚು. ಬಂದೇ ಬರುತ್ತೆ ಅಂತಲ್ಲ."

"ಮಾಸು ಅಂದ್ರಿ?"

"ಹೌದು, ಪ್ಲಸೆಂಟಾ. ಫ್ರೀಜರಿನಲ್ಲಿದೆ, ಸಣ್ಣ ತುಂಡುಗಳಾಗಿ."

ಹೆರಿಗೆಯ ದಿನ ಅವ್ವ ತುಂಗವ್ವ ಈ ಬಾಗಿಲಿಂದ ಆ ಬಾಗಿಲಿಗೆ ಅಲೆದು, ಸೆರಗೊಡ್ಡಿ, ಮಗಳ ಮಾಸು ಕೊಡಿ, ಮಣ್ಣಿಗೆ ಹಾಕುತ್ತೇವೆ ಎಂದು ಬೇಡಿದ್ದಳು. ಸುಟ್ಟಾಯಿತು ಎಂದು ಗದರಿ ಓಡಿಸಿದ್ದರು.

"ಸುಟ್ಟೀವಿ ಅಂದಿದ್ರಲ್ರಿ."

"ಅದು ವಾರ್ಡಿನವರು ಗೊತ್ತಿಲ್ಲದೆ ಹೇಳಿರಬೇಕು. ನೀವು ಸಹಿ ಹಾಕಿದ್ದೀರಿ."

"ಇರ್ಲಿ. ಆ ಟೇಪು ಅಂದ್ರಲ್ಲ. ಹಚ್ಚಿದವರು ಯಾರು?"

"ಹಚ್ಚಿದವರು ಅಂತ ಯಾರೂ ಇಲ್ಲ. ಗರ್ಭದೊಳಗಿನ ಪರಿಸರ."

"ಗರ್ಭ ನಂದು. ಅಂದ್ರ ನಾ ಹಚ್ಚೀನಿ ಅಂತೀರಿ."

ವಂದನಾ ಕಡತದ ಹಾಳೆ ತಿರುವಿದಳು. "ಕೆಲವು ಪ್ರಶ್ನೆ ಇದೆ, ಬೇಗ ಮುಗಿಸಿಬಿಡೋಣ. ತಂಬಾಕು ಹಾಕ್ತಿದ್ರಾ? ಉಪವಾಸ? ಮದುವೆಯಾದಾಗ ವಯಸ್ಸು? ಕಬ್ಬಿಣದ ಮಾತ್ರೆ ತಪ್ಪಿಸಿದ್ರಾ? ನಿಮ್ಮ ಎತ್ತರ ನಾಲ್ಕು ಅಡಿ ಎಂಟು ಅಂಗುಲ, ಅದು ಬರೆದಿದೆ."

"ಮೂಟಿ ಕೇಳಲಿಲ್ರಿ."

"ಯಾವ ಮೂಟೆ?"

"ದಿನಾ ಹದಿನೈದು ಮೂಟಿ. ತಾರಸಿ ತನಕ. ಅದನ್ನ ಎಲ್ಲಿ ಬರಕೊಂಡೀರಿ?"

"ಇಲ್ಲಿ ಗೃಹಿಣಿ ಅಥವಾ ಉದ್ಯೋಗಿ ಅಂತ ಎರಡೇ ಇದೆ. ಉದ್ಯೋಗಿ ಅಂತ ಗುರುತು ಹಾಕಿದೆ. ಮೂಟೆಗೆ ಕಾಲಂ ಇಲ್ಲ."

ದುರಗವ್ವ ಮೇಜಿನ ಹತ್ತಿರ ಬಂದಳು. ಕಡತದ ಹಾಳೆಯ ಮೇಲೆ ಕೆಂಪು ಶಾಯಿಯ ಒಂದು ಸಾಲು ಇತ್ತು. ಅದರ ಕೆಳಗೆ ಗೆರೆ. ಅವಳು ಬೆರಳಿಟ್ಟಳು.

"ಇದೇನು? ಕೆಂಪಗ ಬರದದ್ದು. ಕನ್ನಡದಾಗ ಓದ್ರಿ."

"ಅದೇನೂ ಮುಖ್ಯ ಅಲ್ಲ."

"ಸಹಿ ಮಾಡಿಸಿಕೊಳ್ಳೂವಾಗ ಕನ್ನಡ ಬಂದಿತ್ತು ನಿಮಗ. ಈಗೂ ಬರ್ತದ. ಓದ್ರಿ."

ವಂದನಾ ನರ್ಸಿನ ಕಡೆ ನೋಡಿದಳು. ನರ್ಸು ಕಿಟಕಿಯ ಕಡೆ ನೋಡಿದಳು. ಕೊನೆಗೆ ವಂದನಾ ಸಣ್ಣ ದನಿಯಲ್ಲಿ ಓದಿದಳು.

"ಭ್ರೂಣದ ಬೆಳವಣಿಗೆ ಕುಂಠಿತ. ವಿಶ್ರಾಂತಿಗೆ ಸಲಹೆ ಕೊಡಲಾಗಿತ್ತು. ತಾಯಿ ಸಲಹೆ ಪಾಲಿಸಲಿಲ್ಲ."

ದುರಗವ್ವನಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೊಮ್ಮೆ ಓದಿಸಿದಳು. ಆಗ ಅರ್ಥವಾಯಿತು. ಕಿವಿಯೊಳಗೆ ಬಿಸಿ ನೀರು ಹೊಯ್ದಂತಾಯಿತು. ಆರು ವರ್ಷ ತನ್ನನ್ನು ತಾನು ಬೈದುಕೊಂಡ ಮಾತನ್ನು ಇವರು ಮೊದಲೇ ಬರೆದಿಟ್ಟಿದ್ದರು.

"ಸಲಹೆ ಚೀಟಿ ನಾ ಘೋಷನ ಕೈಯಾಗ ಕೊಟ್ಟೆ," ಎಂದಳು. ಧ್ವನಿ ಏರಿರಲಿಲ್ಲ. "ಅಂವ ಡ್ರಾಯರಿನ್ಯಾಗ ಹಾಕಿದ. ಹೊರು ಅಂದ. ಹೊತ್ತೆ. ಅದನ್ನ ಬರೀರಿ."

"ಅವರು ಕಂಟ್ರಾಕ್ಟರ್ ಕಡೆಯವರು. ಆಸ್ಪತ್ರೆಗೆ ಸಂಬಂಧ ಇಲ್ಲ."

"ಮೂಟಿ ಯಾರ್ದು?"

"ದುರಗವ್ವ..."

"ಮೂಟ್ಯಾಗಿನ ಅರಿವಿ ಯಾರ್ದು? ಅದರ ಮ್ಯಾಲ ಮಲಗಿದವ್ರು ಯಾರ ಪೇಷಂಟು? ಮ್ಯಾಲಿನ ಮಾಳಿಗ್ಯಾಗ ವಿಶ್ರಾಂತಿ ತಗೋ ಅಂತ ಬರದು ಕೊಡ್ತೀರಿ. ಕೆಳಗಿನ ಮಾಳಿಗ್ಯಾಗ ಹೊರು ಅಂತೀರಿ. ನಡುವ ನನ್ನ ಕೂಸು ಬತ್ತೇತಿ. ಆಮ್ಯಾಲ ನೀವ ಸೂಜಿ ಹಿಡಕೊಂಡು ಬಂದು, ಟೇಪು ಹ್ಯಾಂಗ ಬಿತ್ತು ಅಂತ ಹುಡುಕತೀರಿ. ಆ ಕೆಂಪು ಸಾಲು ಹೊಡೀರಿ."

"ಹಳೇ ದಾಖಲೆ ತಿದ್ದೋ ಹಾಗಿಲ್ಲ. ನನ್ನ ಕೈಯಲ್ಲಿಲ್ಲ."

ದುರಗವ್ವ ಕುರ್ಚಿಯ ಬಳಿ ಹೋದಳು. ಮಗಳ ತೋಳಿನ ರಬ್ಬರು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದಳು. ತೋಳಿನ ಮೇಲೆ ಬಿಳೀ ಗೆರೆ ಮೂಡಿತ್ತು. ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು. ರಬ್ಬರನ್ನು ಕಡತದ ಮೇಲೆ ಇಟ್ಟಳು.

"ರಕ್ತ ಕೊಡೂದಿಲ್ಲ. ಮಾಸೂ ತಿರಗಿ ಕೊಡ್ರಿ."

"ಹಾಗೆಲ್ಲ ಹೊರಗೆ ಕೊಡೋಕೆ ಬರಲ್ಲ. ಅದು ವೈದ್ಯಕೀಯ ತ್ಯಾಜ್ಯ, ಕಾನೂನಿದೆ. ಬೇಕಾದ್ರೆ ನಾಶ ಮಾಡಿ ಅಂತ ಬರೆದುಕೊಡಬಹುದು."

"ತ್ಯಾಜ್ಯ ಒಯ್ಯಾಕಿ ಯಾರ್ರಿ ಇಲ್ಲಿ? ಹನ್ನೊಂದು ವರ್ಷ ಆತು, ಊರವರ ಕೈ ಕಾಲು ಕರುಳು ಹಳದಿ ಚೀಲದಾಗ ತುಂಬಿ ನಾನ ಒಯ್ದೀನಿ. ಆವಾಗ ಕಾನೂನು ಅಡ್ಡ ಬರಲಿಲ್ಲ. ನಂದು ನಾ ಒಯ್ದರ ಬಂತೇನು?"

ಬೆಂಚಿನ ಮೇಲಿದ್ದ ತಾಯಂದಿರು ಎದ್ದು ಬಾಗಿಲಲ್ಲಿ ನಿಂತಿದ್ದರು. ಕನ್ನಡ ಅವರಿಗೆ ತಿಳಿಯದು. ರಬ್ಬರು ಬಿಚ್ಚಿದ್ದು ತಿಳಿದಿತ್ತು. ಏನಾಯಿತು ಎಂದು ಸಬೀನಾ ಕೇಳಿದಳು. ದುರಗವ್ವ ಬಂಗಾಳಿಯಲ್ಲಿ ಹೇಳಿದಳು. ನಮ್ಮ ಕಡತಗಳಲ್ಲಿ ಏನು ಬರೆದಿದೆ, ಹೋಗಿ ಓದಿಸಿಕೊಳ್ಳಿ ಎಂದಳು.

ಓದಿಸಿಕೊಂಡರು. ಎಲ್ಲದರಲ್ಲೂ ಕೆಂಪು ಸಾಲು ಇರಲಿಲ್ಲ. ಸಬೀನಾಳದರಲ್ಲಿ ಇತ್ತು. ಲೊಕ್ಖಿಯದರಲ್ಲಿ 'ತಾಯಿಗೆ ತಿಳಿವಳಿಕೆ ಇಲ್ಲ' ಎಂದಿತ್ತು. ಲೊಕ್ಖಿ ಆ ಮಾತನ್ನು ಕೇಳಿ ಕಡತ ಮುಚ್ಚಿದಳು. ಮಗನ ಕೈ ಹಿಡಿದು ಮೆಟ್ಟಿಲಿಳಿದಳು. ಅಂದು ಬೆಂಚಿನ ಮೇಲಿದ್ದವರಲ್ಲಿ ಒಬ್ಬಳೂ ರಕ್ತ ಕೊಡಲಿಲ್ಲ. ಮುಂದಿನ ಶನಿವಾರವೂ ಕೊಡಲಿಲ್ಲ. ಕೊಡದ ತಾಯಂದಿರ ಲೆಕ್ಕ ಇಪ್ಪತ್ತಮೂರಕ್ಕೆ ನಿಂತಿತು.

ರಬ್ಬರು ಬಿಚ್ಚಿದ ಮೇಲಿನ ಸೋಮವಾರ ದುರಗವ್ವ ಕೆಲಸಕ್ಕೆ ಬಂದಾಗ ಘೋಷ್ ಹಾಜರಿ ಪುಸ್ತಕದಿಂದ ತಲೆ ಎತ್ತಿದ. ಮೂಟೆಗಳ ಕಡೆ ಬೆರಳು ತೋರಿಸಿದ. ಹತ್ತು ಗಂಟೆಯ ಸುಮಾರಿಗೆ ಅವಳು ಮೇಲಿಂದ ಇಳಿಯುತ್ತಿದ್ದಾಗ ಎರಡನೇ ಮಹಡಿಯ ತಿರುವಿನಲ್ಲಿ ಚಂಪಾ ಗೋಡೆಗೆ ಆತು ಕೂತಿದ್ದಳು. ಸುಂದರಬನದ ಕಡೆಯ ಹುಡುಗಿ, ಇಪ್ಪತ್ತೆರಡು ವಯಸ್ಸು, ಏಳು ತಿಂಗಳ ಬಸುರಿ. ಪಕ್ಕದಲ್ಲಿ ಒದ್ದೆ ಮೂಟೆ. ಪಾದಗಳು ಬಾತು ಚಪ್ಪಲಿಯಿಂದ ಹೊರಗೆ ಉಕ್ಕಿದ್ದವು.

"ದಿದಿ, ಒಂದು ನಿಮಿಷ," ಎಂದಳು ಚಂಪಾ, ತಪ್ಪು ಮಾಡಿದವಳಂತೆ. "ಈಗ ಎದ್ದುಬಿಡುತ್ತೇನೆ. ಘೋಷ್‌ಬಾಬುಗೆ ಹೇಳಬೇಡ."

"ಡಾಕ್ಟರು ಏನಂದರು ನಿನಗೆ?"

"ಮಗು ಸಣ್ಣದಿದೆ ಅಂದರು. ಮಲಗು ಅಂದರು." ಚಂಪಾ ನಕ್ಕಳು. "ಎಲ್ಲಿ ಮಲಗಲಿ?"

ದುರಗವ್ವ ಬಾಗಿದಳು. ಮೂಟೆಯ ಕಿವಿ ಹಿಡಿದು ಎಳೆದಳು. ಹೊರಲಿಲ್ಲ. ನೆಲದ ಮೇಲೆ ದರದರ ಎಳೆದುಕೊಂಡು, ಹೊಳೆಯುವ ಕಲ್ಲಿನ ಮೇಲೆ ನೀರಿನ ಪಟ್ಟೆ ಬಿಡುತ್ತಾ, ಸಂದರ್ಶಕರು ಕೂತಿದ್ದ ಹಜಾರದ ನಡುವೆ ಹಾದು ಲಿಫ್ಟಿನ ಮುಂದೆ ತಂದಳು. ಬಾಗಿಲು ತೆರೆಯಿತು. ಮೂಟೆಯನ್ನು ಹೊಸ್ತಿಲ ಮೇಲೆ ಅಡ್ಡ ಹಾಕಿದಳು. ಬಾಗಿಲು ಮುಚ್ಚಲು ಬಂತು, ಮೂಟೆಗೆ ಬಡಿಯಿತು, ಹಿಂದಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಬಡಿಯಿತು. ಒಳಗಿದ್ದ ಲಿಫ್ಟಿನವನು ಬಾಯಿ ಮಾಡಿದ. ದುರಗವ್ವ ಕೆಳಗೆ ಹೋಗಿ ಇನ್ನೊಂದು ಮೂಟೆ ತಂದು ಎರಡನೇ ಲಿಫ್ಟಿಗೆ ಹಾಕಿದಳು. ಅದರ ಮೇಲೆ ಕೂತಳು. ಚಂಪಾಳನ್ನು ಕರೆದು ಮೊದಲನೆಯದರ ಮೇಲೆ ಕೂರಿಸಿದಳು.

ಘೋಷ್ ಓಡಿ ಬಂದ. ಸಂದರ್ಶಕರು ಮೂಗಿಗೆ ಕರವಸ್ತ್ರ ಹಿಡಿದು ನೋಡುತ್ತಿದ್ದರು.

"ಛೋಟೊಲೋಕ್!" ಎಂದ. ಕೀಳು ಜನ. "ತಿಂದ ಎಲೆಗೆ ಉಗುಳುತ್ತೀಯಾ? ಎತ್ತು ಅದನ್ನು!"

"ನೀನೇ ಎತ್ತು," ಎಂದಳು ದುರಗವ್ವ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು. "ಒಂದು ಸಲ ಎತ್ತು. ಇಲ್ಲಿಂದ ತಾರಸಿಗೆ ಒಯ್ಯಿ. ನೀನು ಬಸುರಿಯಲ್ಲ, ನಿನಗೆ ಸುಲಭ. ಆಗುವುದಿಲ್ಲವೇ? ಹಾಗಾದರೆ ಆರು ವರ್ಷದ ಹಿಂದೆ ನನಗೆ ಹೇಳಿದ ಮಾತನ್ನು ಇವಳಿಗೂ ಹೇಳು. ಮಗು ತಲೆಯ ಮೇಲೆ ಇಲ್ಲ ಅಂದೆಯಲ್ಲ. ಗಟ್ಟಿಯಾಗಿ ಹೇಳು, ಇಷ್ಟು ಜನ ಕೇಳಲಿ."

ಘೋಷ್ ಅವಳ ತೋಳಿಗೆ ಕೈ ಹಾಕಿದ. ಯಾರೋ ಫೋನು ಎತ್ತಿ ಹಿಡಿದರು. ಅವನು ಕೈ ಬಿಟ್ಟ. ಅಷ್ಟರಲ್ಲಿ ನೆಲಮಾಳಿಗೆಯಿಂದ ಉಳಿದ ಮಾಶಿಯರು ಮೇಲೆ ಬಂದಿದ್ದರು, ಎಂಟು ಮಂದಿ, ಒಬ್ಬೊಬ್ಬರದೂ ಒಂದೊಂದು ಮೂಟೆ. ಹಜಾರದ ತುಂಬ ಮೂಟೆಗಳಾದವು. ನೀರು ಹರಿದು ಸಂದರ್ಶಕರ ಬೂಟಿನ ಕೆಳಗೆ ಹೋಯಿತು. ಸ್ಟ್ರೆಚರಿನ ರೋಗಿಗಳಿಗೆ ಮಾತ್ರ ದುರಗವ್ವ ತಾನೇ ಎದ್ದು ಮೂಟೆ ಸರಿಸಿ ದಾರಿ ಬಿಟ್ಟಳು. ಉಳಿದವರೆಲ್ಲ ಮೆಟ್ಟಿಲು ಹತ್ತಿದರು. ಊಟದ ಗಾಡಿ ಕೆಳಗೇ ನಿಂತಿತು. ಆಸ್ಪತ್ರೆಯ ನಿರ್ದೇಶಕರು ನಾಲ್ಕನೇ ಮಹಡಿಯಿಂದ ಇಳಿದು ಬಂದರು, ಮೊಬೈಲಿನಲ್ಲಿ ಮಾತಾಡಲು ಹತ್ತಿ ಹೋದರು, ಮತ್ತೆ ಇಳಿದು ಬಂದರು. ಎರಡನೇ ಸಲ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ನೋಡೋಣಮ್ಮ, ವಿಚಾರ ಮಾಡೋಣ. ಈಗ ಏಳಿ," ಎಂದರು ಹಿಂದಿಯಲ್ಲಿ.

"ಬರೆದುಕೊಡಿ," ಎಂದಳು ದುರಗವ್ವ.

"ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇ?"

"ಇಲ್ಲ."

ಮೂರೂವರೆಗೆ ಬಂಗಾಳಿಯಲ್ಲಿ ಟೈಪು ಮಾಡಿದ ಒಂದು ಹಾಳೆ ಬಂತು. ಬಸುರಿಯರಿಗೆ ಐದನೇ ತಿಂಗಳಿಂದ ಭಾರದ ಕೆಲಸವಿಲ್ಲ, ಕೂತು ಮಾಡುವ ಕೆಲಸ. ಒಗೆದ ಬಟ್ಟೆ ದಿನಕ್ಕೆ ಎರಡು ಹೊತ್ತು ಲಿಫ್ಟಿನಲ್ಲಿ. ಚಂಪಾ ಅದನ್ನು ಗಟ್ಟಿಯಾಗಿ ಓದಿದಳು, ಅಕ್ಷರ ಅಕ್ಷರ ಕೂಡಿಸಿ. ಸಹಿ ಎಲ್ಲಿ ಎಂದು ದುರಗವ್ವ ಕೇಳಿದಳು. ಸಹಿ ಬಂತು. ಆಮೇಲೆ ಎದ್ದರು.

ಹದಿನೈದು ದಿನಕ್ಕೆ ಗುತ್ತಿಗೆದಾರ ಹೊಸ ಹಾಜರಿ ಪುಸ್ತಕ ಮಾಡಿದ. ಅದರಲ್ಲಿ ದುರಗವ್ವನ ಹೆಸರು ಇರಲಿಲ್ಲ. ಕಾರಣ ಕೇಳಿದರೆ, ಪುಸ್ತಕ ಹೊಸದು ಎಂದ. ಅವಳು ಖಿದಿರ್‌ಪುರದ ಗೋದಾಮಿನಲ್ಲಿ ಹರಿದ ಗೋಣಿಚೀಲ ಹೊಲಿಯುವ ಕೆಲಸಕ್ಕೆ ಸೇರಿದಳು. ಗೋಣಿಯ ಧೂಳಿಗೆ ಸಂಜೆಯೆಲ್ಲ ಕೆಮ್ಮು. ಲಿಫ್ಟು ಮಾತ್ರ ಮಾಶಿಯರ ಕೈ ಬಿಟ್ಟುಹೋಗಲಿಲ್ಲ. ಚಂಪಾ ಕೂತು ಗಾಜ್‌ಬಟ್ಟೆ ಮಡಚುತ್ತಿದ್ದಾಳೆ ಎಂದು ಸುದ್ದಿ ಬಂತು.

ನಾಲ್ಕನೇ ಮಹಡಿಯಿಂದಲೂ ಒಂದು ಪತ್ರ ಬಂತು. ತಮ್ಮ ಕೋರಿಕೆಯಂತೆ ಮಾದರಿಗಳನ್ನು ನಾಶಪಡಿಸಲಾಗಿದೆ. ತುಂಗವ್ವ ಏನು ಬರೆದಿದೆ ಎಂದು ಕೇಳಿದಳು.

"ಸುಟ್ಟಾರಂತ," ಎಂದಳು ದುರಗವ್ವ. "ಆವಾಗ ಸುಡಲಾರದ ಸುಟ್ಟೀವಿ ಅಂದ್ರ. ಈಗ ತಿರಗಿ ಕೊಡ್ರಿ ಅಂದ ಮ್ಯಾಲ ಸುಟ್ಟರ."

ತುಂಗವ್ವ ಬಾಗಿಲಾಚೆ ಹೋಗಿ ಚರಂಡಿಗೆ ಉಗುಳಿ ಬಂದಳು.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಡಾಕ್ಟರ್ ವಂದನಾ ಖಿದಿರ್‌ಪುರದ ಆ ಓಣಿಗೆ ಬಂದಳು. ಹಡಗುಕಟ್ಟೆಯ ಗೋಡೆಗೆ ಆತುಕೊಂಡ ಒಂದೇ ಕೋಣೆಯ ಮನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಬಂದು, ಹಾಸಿದ ಗೋಣಿಯ ಮೇಲೆ ಕೂತಳು. ತುಂಗವ್ವ ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟಳು. ವಂದನಾ ಕುಡಿದಳು.

"ನಿಮಗೆ ಹೇಳಲೇಬೇಕು ಅನ್ನಿಸ್ತು," ಎಂದಳು. "ನಮ್ಮ ಲೇಖನ ಪ್ರಕಟ ಆಯ್ತು. ನಾನು ಒಳಗೆ ಹೇಳಿದೆ, ದುರಗವ್ವ. ಕೆಲಸದ ಪ್ರಶ್ನೆ ಸೇರಿಸೋಣ ಅಂತ ಕಮಿಟಿಯಲ್ಲಿ ಹೇಳಿದೆ. ಒಪ್ಪಲಿಲ್ಲ. ಆಸ್ಪತ್ರೆ ದುಡ್ಡಿನ ಅಧ್ಯಯನ, ಆಸ್ಪತ್ರೆ ಮೇಲೇ ಬರುತ್ತೆ ಅಂದ್ರು."

"ನಮ್ಮ ಬಗ್ಗೆ ಏನು ಬರದೀರಿ ಅದರಾಗ?"

ವಂದನಾ ಚೀಲದಿಂದ ಅಚ್ಚಾದ ಹಾಳೆಗಳನ್ನು ತೆಗೆದಳು. ಈ ಸಲ ಒತ್ತಾಯಿಸಿಕೊಳ್ಳದೆಯೇ ಕನ್ನಡದಲ್ಲಿ ಹೇಳಿದಳು.

"ಇಪ್ಪತ್ತಮೂರು ತಾಯಂದಿರು ಸಂಪರ್ಕಕ್ಕೆ ಸಿಗಲಿಲ್ಲ. ಅಷ್ಟೇ ಇದೆ."

"ಸಿಗಲಿಲ್ಲ?"

"ಅದು ಹಾಗೆ ಬರೆಯೋ ಪದ್ಧತಿ..."

"ನೀವು ಬಸ್ಸಿಳಿದು ನೇರ ನನ್ನ ಮನಿಗೆ ಬಂದೀರಿ. ಸಬೀನಾ ಅಲ್ಲೇ ಐದಾರು ಮನಿ ದಾಟಿ ಸೀಗಡಿ ಸುಲೀತಾ ಕೂತಾಳ. ಲೊಕ್ಖಿ ಭಟ್ಟಿ ಬಿಟ್ಟು ಎಲ್ಲೂ ಹೋಗಿಲ್ಲ. ನಾವು ಸಿಗಲಿಲ್ಲ ಅಂದ್ರ ಏನ್ರಿ? ಸತ್ತೀವೇನು? ಓಡಿ ಹೋಗೀವೇನು?"

ವಂದನಾ ತಲೆ ತಗ್ಗಿಸಿದಳು. ದುರಗವ್ವ ಅವಳನ್ನೇ ನೋಡಿದಳು. ಅವಳ ಮೇಲೆ ಕರುಣೆ ಬರಲಿಲ್ಲ. ಇಂಚರಾಳ ಶಾಲೆಯ ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದು, ಬರೆಯದ ಹಾಳೆ ಹುಡುಕಿ ಅವಳ ಮುಂದೆ ಇಟ್ಟಳು.

"ಪೆನ್ನು ಐತೇನು?"

"ಇದೆ."

"ಬರೀರಿ. ಕನ್ನಡದಾಗ. ಸಿಗಲಿಲ್ಲ ಅಲ್ಲ. ಕೊಡಲಿಲ್ಲ."

ವಂದನಾ ಬರೆದಳು.

"ಕೆಳಗ ನಿಮ್ಮ ಹೆಸರು, ಸಹಿ." ಅದನ್ನೂ ಹಾಕಿದಳು. "ಈಗ ಒಬ್ಬೊಬ್ಬರದ ಬರೀರಿ. ಕಾಲಂ ಇಲ್ಲ ಅಂದಿದ್ರಿ. ಇದರಾಗ ಗೆರಿ ಐತಿ, ಬೇಕಾದಷ್ಟು. ಸಬೀನಾ ಬೀಬಿ. ಒಂಬತ್ತನೇ ತಿಂಗಳ ತನಕ ಐಸಿನ ನೀರಾಗ ಕೈ ಇಟ್ಟು ಸೀಗಡಿ ಸುಲದಾಳ, ಹತ್ತು ತಾಸು, ಕುಂಡಿ ಊರಾಕ ಮಣಿ ಇಲ್ಲ. ಲೊಕ್ಖಿ. ತಲಿ ಮ್ಯಾಲ ಹನ್ನೆರಡು ಇಟ್ಟಿಗಿ, ಎಂಟನೇ ತಿಂಗಳು. ಭಟ್ಟಿ ಮಗ್ಗಲದಾಗ ಹಡದಾಳ. ದುರಗವ್ವ. ಒದ್ದಿ ಮೂಟಿ, ಐದು ಮಾಳಿಗಿ. ಘೋಷನ ಡ್ರಾಯರಿನ್ಯಾಗ ಚೀಟಿ. ಅದನ್ನೂ ಬರೀರಿ."

ಮೂಲೆಯಲ್ಲಿ ಕೂತಿದ್ದ ತುಂಗವ್ವ ಗಂಟಲು ಸರಿಪಡಿಸಿಕೊಂಡಳು.

"ನಂದೂ ಬರಕೋವ್ವಾ," ಎಂದಳು. "ಇಕಿ ನನ್ನ ಹೊಟ್ಟ್ಯಾಗಿದ್ದಾಗ ನಾ ಹಳಿ ಮ್ಯಾಲ ಜಲ್ಲಿ ಹೊತ್ತೀನಿ. ಹಡಿಯೂ ದಿನದ ಮಟ. ಇಕಿ ಹುಟ್ಟಿದಾಗ ತೂಗಿದವ್ರಿಲ್ಲ. ನನ್ನ ಮೊಳಕೈಗಿಂತಾ ಗಿಡ್ಡ ಇದ್ಲು. ನೀ ಇಕಿ ಗಿಡ್ಡ ಅಂತ ಬರಕೊಂಡೀಯಲ್ಲ? ಅದ್ಯಾಕಂತ ಬರಕೋ."

ವಂದನಾಳ ಪೆನ್ನು ಒಂದು ಕ್ಷಣ ನಿಂತಿತು. ಮತ್ತೆ ಓಡಿತು. ದುರಗವ್ವ ಹೆಸರು ಹೇಳುತ್ತಾ ಹೋದಳು. ಹೆಸರು, ತಿಂಗಳು, ಭಾರ, ತಾಸು, ಹೊರಿಸಿದವರ ಹೆಸರು. ಒಂದು ಪುಟ ಮುಗಿಯಿತು. ಎರಡನೆಯದು ಮುಗಿಯಿತು. ಒಂಬತ್ತನೇ ತಾಯಿಯದು ಬರೆದು ಮುಗಿಸಿ ವಂದನಾ ಪೆನ್ನು ಕೆಳಗಿಟ್ಟು ಬೆರಳುಗಳನ್ನು ನೀವಿಕೊಂಡಳು.

"ಕೈ ನೋಯ್ತಿದೆ," ಎಂದಳು.

"ನೋಯ್ಲಿ," ಎಂದಳು ದುರಗವ್ವ. "ಬರೀರಿ. ಇನ್ನೂ ಹದಿನಾಲ್ಕು ಮಂದಿ ಅದಾರ."